ಯಂತ್ರ ನಿಂತಾಗ ಪ್ಯಾಲೆಟ್‌ಗೆ ದಾರಿ ತೋರುವವರು ಯಾರು?

ಪ್ರಶ್ನೆ: ನಾನು ಯಂತ್ರಭಾಗಗಳನ್ನು ತಯಾರಿಸುವ ಘಟಕವೊಂದರ ನಿಯಂತ್ರಣ ವಿಭಾಗದಲ್ಲಿ ಎಂಜಿನಿಯರ್. ನಮ್ಮಲ್ಲಿ ಕಂಪ್ಯೂಟರ್ ನಿಯಂತ್ರಿತವಾದ ಎಂಟು ಸಿಎನ್‌ಸಿ ಯಂತ್ರಗಳು, ಅವುಗಳನ್ನು ಜೋಡಿಸುವ ಕನ್ವೇಯರ್, ತುಂಡುಗಳನ್ನು ಹೊತ್ತು ಅದರ ಮೇಲೆ ಓಡಾಡುವ ಪ್ಯಾಲೆಟ್‌ಗಳು ಇವೆ. ಯಾವ ಪ್ಯಾಲೆಟ್ ಯಾವ ಯಂತ್ರಕ್ಕೆ ಹೋಗಬೇಕೆಂಬುದನ್ನು ಪ್ರತಿ ಶಿಫ್ಟಿನ ಆರಂಭದಲ್ಲಿ ಕೇಂದ್ರದ ಕಂಪ್ಯೂಟರ್ ನಿಗದಿ ಮಾಡುತ್ತದೆ. ಒಂದು ಯಂತ್ರ ಕೆಟ್ಟರೆ ಸಾಕು, ಆ ವೇಳಾಪಟ್ಟಿ ಕೆಲಸಕ್ಕೆ ಬಾರದಂತಾಗಿ ಉಳಿದ ಶಿಫ್ಟನ್ನು ಆಪರೇಟರ್‌ಗಳು ಕೈಯಾರೆ ನಡೆಸುತ್ತಾರೆ. ‘ಹೋಲಾನಿಕ್’ ಅಥವಾ ‘ಏಜೆಂಟ್ ಆಧಾರಿತ’ ನಿಯಂತ್ರಣ ಇದಕ್ಕೆ ಪರಿಹಾರವೆಂದು ಕೇಳಿದ್ದೇನೆ. ಇವೆರಡೂ ಒಂದೆಯೇ? ಯಂತ್ರಗಳನ್ನು ನೇರವಾಗಿ ನಡೆಸುವ ನಿಯಂತ್ರಕ ಕಂಪ್ಯೂಟರ್‌ಗಳಾದ ಪಿಎಲ್‌ಸಿಗಳನ್ನು ತೆಗೆದುಹಾಕಬೇಕಾಗುತ್ತದೆಯೇ? ಯಂತ್ರಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ತೀರ್ಮಾನಿಸುವ ವ್ಯವಸ್ಥೆಯನ್ನು ನಂಬಬಹುದೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ‘ಉಳಿದ ಶಿಫ್ಟನ್ನು ಆಪರೇಟರ್‌ಗಳು ಕೈಯಾರೆ ನಡೆಸುತ್ತಾರೆ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಇಡೀ ವಿಷಯದ ತಿರುಳು ಅಲ್ಲಿದೆ. ಯಂತ್ರವೊಂದು ನಿಂತ ಸಂಗತಿ ಮೊದಲು ಗೊತ್ತಾಗುವುದು ಅದರ ಪಿಎಲ್‌ಸಿಗೆ. ಆಮೇಲೆ, ಕೆಂಪು ದೀಪ ಹತ್ತಿದ್ದನ್ನು ಕಂಡ ಆಪರೇಟರ್‌ಗೆ. ಎಲ್ಲರಿಗಿಂತ ಕೊನೆಗೆ, ವೇಳಾಪಟ್ಟಿಯನ್ನು ಬರೆದ ಕೇಂದ್ರದ ಕಂಪ್ಯೂಟರ್‌ಗೆ. ಕೇಂದ್ರವು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ ಮತ್ತೊಂದು ಪಟ್ಟಿಯನ್ನು ಕಳುಹಿಸುವಷ್ಟರಲ್ಲಿ ಕನ್ವೇಯರ್ ಮೇಲಿನ ಸ್ಥಿತಿ ಬದಲಾಗಿರುತ್ತದೆ, ಹೊಸ ಪಟ್ಟಿಯೂ ಹಳತಾಗಿರುತ್ತದೆ. ಆಪರೇಟರ್ ಕೇಂದ್ರದ ಕಂಪ್ಯೂಟರ್‌ಗಿಂತ ಚೆನ್ನಾಗಿ ಲೆಕ್ಕ ಬಲ್ಲವರೇನಲ್ಲ. ಆದರೆ ತಿಳಿವಳಿಕೆ ಎಲ್ಲಿ ಹುಟ್ಟುತ್ತದೆಯೋ ಅಲ್ಲಿಯೇ ಅವರು ನಿಂತಿರುತ್ತಾರೆ, ಅಲ್ಲಿಯೇ ತೀರ್ಮಾನ ಮಾಡುತ್ತಾರೆ. ಆ ತೀರ್ಮಾನವನ್ನು, ಅದೇ ಜಾಗದಲ್ಲಿ, ಯಂತ್ರದ ಪಕ್ಕದಲ್ಲಿಯೇ ಕುಳಿತ ತಂತ್ರಾಂಶವೊಂದು ಮಾಡಬಲ್ಲದೇ ಎಂಬುದು ಹೋಲಾನಿಕ್ ನಿಯಂತ್ರಣ ಎತ್ತುವ ಪ್ರಶ್ನೆ. ನಿಮ್ಮಂಥ ಸಾಲಿನಲ್ಲಿ ಮಾಡಬಲ್ಲದು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕಾಗಿ ಕೇಂದ್ರವನ್ನು ಕಿತ್ತೊಗೆಯಬೇಕಾಗಿಲ್ಲ, ಪಿಎಲ್‌ಸಿಯನ್ನು ಮುಟ್ಟಬೇಕಾಗಿಯೂ ಇಲ್ಲ. ಮತ್ತು ಅದರಲ್ಲಿ ನಿಜವಾಗಿ ಕಷ್ಟದ ಭಾಗ ಏಜೆಂಟ್‌ಗಳನ್ನು ಬರೆಯುವುದಲ್ಲ, ಪ್ರತಿಯೊಂದು ಯಂತ್ರವೂ ತನ್ನ ಬಗ್ಗೆ ತಾನು ಸರಿಯಾದ ಮಾಹಿತಿ ಕೊಡುವಂತೆ ಮಾಡುವುದು.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ‘ಹೋಲಾನ್’ ಎಂಬ ಪದವನ್ನು ಲೇಖಕ ಆರ್ಥರ್ ಕೋಸ್ಲರ್ 1967ರಲ್ಲಿ ರೂಪಿಸಿದರು. ಗ್ರೀಕ್ ಭಾಷೆಯಲ್ಲಿ ‘ಹೋಲೋಸ್’ ಎಂದರೆ ಇಡಿಯಾದದ್ದು. ಪ್ರೋಟಾನ್, ನ್ಯೂಟ್ರಾನ್ ಮುಂತಾದ ಪದಗಳ ಕೊನೆಯಲ್ಲಿರುವ ‘ಆನ್’ ಎಂಬುದು ಕಣವನ್ನು, ಅಂದರೆ ಭಾಗವನ್ನು ಸೂಚಿಸುತ್ತದೆ. ತನ್ನಷ್ಟಕ್ಕೆ ತಾನು ಇಡಿಯಾಗಿಯೂ, ತನಗಿಂತ ದೊಡ್ಡದೊಂದರ ಬಿಡಿಯಾಗಿಯೂ ಇರುವ ವಸ್ತುವೇ ಹೋಲಾನ್. ಜೀವಕೋಶ, ಅಂಗ, ದೇಹ ಎಂಬ ಸರಣಿಯಲ್ಲಿ ನಡುವಿನ ಅಂಗವನ್ನು ನೆನೆಸಿಕೊಂಡರೆ ಅರ್ಥ ಸ್ಪಷ್ಟವಾಗುತ್ತದೆ. ಅದಕ್ಕೂ ಮೊದಲು, 1962ರಲ್ಲಿ, ಹರ್ಬರ್ಟ್ ಸೈಮನ್ ಇಬ್ಬರು ಗಡಿಯಾರ ತಯಾರಕರ ದೃಷ್ಟಾಂತವನ್ನು ಹೇಳಿದ್ದರು, ಕೋಸ್ಲರ್ ಅದನ್ನು ಬಳಸಿಕೊಂಡರು. ಇಬ್ಬರ ಗಡಿಯಾರದಲ್ಲಿಯೂ ಸಾವಿರದಷ್ಟು ಬಿಡಿಭಾಗಗಳು. ಒಬ್ಬರು ಅವನ್ನು ಒಂದರ ಹಿಂದೊಂದು ಜೋಡಿಸುತ್ತ ಹೋಗುತ್ತಾರೆ. ನಡುವೆ ಯಾರಾದರೂ ಕರೆದು ಅವರು ಕೈಬಿಟ್ಟರೆ ಅಷ್ಟೂ ಕಳಚಿ ಬೀಳುತ್ತದೆ. ಇನ್ನೊಬ್ಬರು ಹತ್ತು ಬಿಡಿಭಾಗಗಳನ್ನು ಸೇರಿಸಿ ಒಂದು ಜೋಡಣೆ, ಅಂಥ ಹತ್ತು ಜೋಡಣೆಗಳನ್ನು ಸೇರಿಸಿ ಇನ್ನೊಂದು, ಹೀಗೆ ಕಟ್ಟುತ್ತಾರೆ. ಅಡ್ಡಿ ಬಂದರೆ ಅವರು ಕಳೆದುಕೊಳ್ಳುವುದು ಕೈಯಲ್ಲಿದ್ದ ಆ ಚಿಕ್ಕ ಜೋಡಣೆಯನ್ನು ಮಾತ್ರ. ಮೊದಲನೆಯವರ ಗಡಿಯಾರ ಇಡೀ ಶಿಫ್ಟಿಗೆ ಒಂದೇ ಪಟ್ಟಿ ಬರೆಯುವ ನಿಮ್ಮ ಈಗಿನ ವ್ಯವಸ್ಥೆಯನ್ನು ಹೋಲುತ್ತದೆ: ಒಂದು ಅಡ್ಡಿ ಬಂದರೆ ಒಂದು ಭಾಗವಲ್ಲ, ಇಡೀ ಪಟ್ಟಿಯೇ ಕಳಚಿಕೊಳ್ಳುತ್ತದೆ.

ಈ ವಿಚಾರವನ್ನು ಕಾರ್ಖಾನೆಗೆ ತರುವ ಯೋಚನೆ 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಮೂಡಿತು. 1990ರ ದಶಕದಲ್ಲಿ ಬುದ್ಧಿವಂತ ಉತ್ಪಾದನಾ ವ್ಯವಸ್ಥೆಗಳ ಕುರಿತ ಅಂತರರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಹಲವು ದೇಶಗಳ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಸೇರಿ ಹೋಲಾನಿಕ್ ಉತ್ಪಾದನೆಯ ಯೋಜನೆಯನ್ನು ನಡೆಸಿದವು. ಅಲ್ಲಿ ಹೋಲಾನಿಗೆ ಕೊಟ್ಟ ಅರ್ಥದಲ್ಲಿ ಎರಡು ಗುಣಗಳಿಗೆ ಸಮಾನ ತೂಕವಿತ್ತು: ಸ್ವಾಯತ್ತತೆ, ಅಂದರೆ ತನ್ನ ಕೆಲಸವನ್ನು ತಾನೇ ಯೋಜಿಸಿ ನಡೆಸಬಲ್ಲ ಶಕ್ತಿ, ಮತ್ತು ಸಹಕಾರ, ಅಂದರೆ ಇತರರೊಡನೆ ಒಪ್ಪಂದಕ್ಕೆ ಬಂದು ಅದಕ್ಕೆ ಬದ್ಧವಾಗಿ ನಡೆಯುವ ಶಕ್ತಿ. ಹೋಲಾನ್‌ಗಳು ಸೇರಿ ಆಗುವ ‘ಹೋಲಾರ್ಕಿ’ ಎಂಬ ಕೂಟವು ಸದಸ್ಯರ ಸ್ವಾಯತ್ತತೆಗೆ ನಿಯಮಗಳ ಮೂಲಕ ಮಿತಿ ಹಾಕುತ್ತದೆ. ಈ ಮಿತಿಯ ಮಾತನ್ನು ದಯವಿಟ್ಟು ಗಮನಿಸಿ; ಜನಪ್ರಿಯ ವಿವರಣೆಗಳಲ್ಲಿ ಬಿಟ್ಟುಹೋಗುವುದು ಅದೇ.

ಏಜೆಂಟ್ ಎಂಬುದು ತಂತ್ರಾಂಶ ಲೋಕದ ಪರಿಕಲ್ಪನೆ: ತನ್ನದೇ ಗುರಿಯುಳ್ಳ, ಪರಿಸರವನ್ನು ಗಮನಿಸುವ, ಇತರ ಏಜೆಂಟ್‌ಗಳಿಗೆ ಸಂದೇಶ ಕಳುಹಿಸಿ ಮಾತುಕತೆ ನಡೆಸುವ ಪ್ರೋಗ್ರಾಮ್. ಅದಕ್ಕೆ ದೇಹವಿರಲೇಬೇಕೆಂದಿಲ್ಲ. ಉತ್ಪಾದನೆಯ ಹೋಲಾನಿನಲ್ಲಿಯಾದರೋ ಯಂತ್ರ ಅಥವಾ ವಸ್ತುವಿನ ಭೌತಿಕ ಭಾಗವೂ, ಅದನ್ನು ಪ್ರತಿನಿಧಿಸುವ ಮಾಹಿತಿಯ ಭಾಗವೂ ಒಟ್ಟಿಗೆ ಇರಬಹುದು. ಒಂದು ಹೋಲಾನಿನೊಳಗೆ ಮತ್ತಷ್ಟು ಹೋಲಾನ್‌ಗಳೂ ಇರಬಹುದು. ಆದ್ದರಿಂದ ಇವೆರಡೂ ಒಂದೇ ಅಲ್ಲ. ಹೋಲಾನ್ ಎಂಬುದು ವ್ಯವಸ್ಥೆಯನ್ನು ಹೇಗೆ ವಿಂಗಡಿಸಬೇಕೆಂಬುದರ ಉತ್ತರ, ಏಜೆಂಟ್ ಎಂಬುದು ಆ ವಿಂಗಡಣೆಯ ಮಾಹಿತಿ ಭಾಗವನ್ನು ಕಟ್ಟಲು ಹೆಚ್ಚಾಗಿ ಬಳಸುವ ಸಾಧನ. ಏಜೆಂಟ್‌ಗಳ ಸಂದೇಶ ವಿನಿಮಯಕ್ಕೆ ಮಾನದಂಡ ರೂಪಿಸಲು 1996ರಲ್ಲಿ ಆರಂಭವಾದ ಫಿಪಾ ಸಂಸ್ಥೆ 2005ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಇಇಇಯ ಮಾನದಂಡ ಸಮಿತಿಯಾಗಿ ಸೇರಿಕೊಂಡಿತು. ಆ ಮಾನದಂಡವನ್ನು ಪಾಲಿಸುವ, ಜಾವಾದಲ್ಲಿ ಬರೆದ ‘ಜೇಡ್’ ಎಂಬ ಚೌಕಟ್ಟನ್ನು ಪ್ರಯೋಗಾಲಯಗಳಲ್ಲಿ ಇಂದಿಗೂ ಕಾಣಬಹುದು.

ಇನ್ನು ವಿಂಗಡಣೆಯ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಹೆಂಡ್ರಿಕ್ ವಾನ್ ಬ್ರುಸೆಲ್, ಪಾಲ್ ವಾಲ್ಕೆನಾರ್ಸ್ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ‘ಪ್ರೋಸಾ’ ಎಂಬ ವಿನ್ಯಾಸದಲ್ಲಿ ಮೂರು ಮೂಲ ಹೋಲಾನ್‌ಗಳಿವೆ. ಉತ್ಪನ್ನ ಹೋಲಾನ್ ಒಂದು ಬಗೆಯ ವಸ್ತುವನ್ನು ಹೇಗೆ ತಯಾರಿಸಬೇಕೆಂಬುದನ್ನು ಬಲ್ಲದು: ಯಾವ ಕೆಲಸದ ನಂತರ ಯಾವುದು, ಯಾವ ಅಳತೆ, ಯಾವ ತಪಾಸಣೆ. ಆರ್ಡರ್ ಹೋಲಾನ್ ಈಗ ಕನ್ವೇಯರ್ ಮೇಲಿರುವ ಈ ಒಂದು ನಿರ್ದಿಷ್ಟ ತುಂಡಿನ ಯೋಗಕ್ಷೇಮ ನೋಡಿಕೊಳ್ಳುತ್ತದೆ: ಅದು ಎಲ್ಲಿದೆ, ಎಷ್ಟು ಕೆಲಸ ಮುಗಿದಿದೆ, ಯಾವಾಗ ಸಿದ್ಧವಾಗಬೇಕು. ಸಂಪನ್ಮೂಲ ಹೋಲಾನ್ ಒಂದು ಯಂತ್ರವನ್ನೋ ಕನ್ವೇಯರಿನ ಒಂದು ತುಂಡನ್ನೋ ಪ್ರತಿನಿಧಿಸುತ್ತದೆ: ತಾನು ಏನು ಮಾಡಬಲ್ಲೆ, ಈಗ ಏನು ಮಾಡುತ್ತಿದ್ದೇನೆ, ಯಾವಾಗ ಬಿಡುವಾಗುತ್ತೇನೆ. ಈ ಮೂರರಲ್ಲಿ ಯಾವುದೂ ಇನ್ನೊಂದರ ತಿಳಿವಳಿಕೆಯನ್ನು ತನ್ನೊಳಗೆ ನಕಲು ಮಾಡಿಟ್ಟುಕೊಳ್ಳುವುದಿಲ್ಲ. ಹೊಸ ಬಗೆಯ ಬಿಡಿಭಾಗ ಬಂದಾಗ ಯಂತ್ರದ ಹೋಲಾನನ್ನು ತಿದ್ದಬೇಕಾಗಿಲ್ಲ, ಒಂಬತ್ತನೆಯ ಯಂತ್ರ ಬಂದಾಗ ಉತ್ಪನ್ನದ ಹೋಲಾನನ್ನು ತಿದ್ದಬೇಕಾಗಿಲ್ಲ. ನಿಮ್ಮ ಈಗಿನ ಪಿಎಲ್‌ಸಿ ಪ್ರೋಗ್ರಾಮನ್ನು ತೆರೆದು ನೋಡಿ: ‘ಬಿಡಿಭಾಗ ಇಂಥದ್ದಾದರೆ, ನಾಲ್ಕನೆಯ ಯಂತ್ರ ಖಾಲಿಯಿದ್ದರೆ, ಗೇಟನ್ನು ಎಡಕ್ಕೆ ತಿರುಗಿಸು’ ಎಂಬಂಥ ಸಾಲುಗಳಲ್ಲಿ ಉತ್ಪನ್ನ, ಯಂತ್ರ, ದಾರಿ ಮೂರೂ ಒಂದೇ ಗಂಟಾಗಿ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆ ಗಂಟನ್ನು ಬಿಡಿಸುವುದೇ ಹೋಲಾನಿಕ್ ವಿನ್ಯಾಸದ ಮೊದಲ ಪ್ರಯೋಜನ, ಏಜೆಂಟ್‌ಗಳ ಮಾತುಕತೆ ಅದರ ನಂತರದ್ದು.

ಪ್ರೋಸಾದಲ್ಲಿ ನಾಲ್ಕನೆಯದೊಂದಿದೆ, ಅದು ಸಿಬ್ಬಂದಿ ಹೋಲಾನ್. ಅದು ಮೂಲದ ಮೂರಕ್ಕೆ ಸಲಹೆ ಕೊಡುತ್ತದೆ, ಆಜ್ಞೆ ಮಾಡುವುದಿಲ್ಲ. ಶಿಫ್ಟಿನ ಆರಂಭದಲ್ಲಿ ಪಟ್ಟಿ ಬರೆಯುವ ನಿಮ್ಮ ಕೇಂದ್ರದ ಕಂಪ್ಯೂಟರ್‌ಗೆ ಹೊಸ ವ್ಯವಸ್ಥೆಯಲ್ಲಿ ಸಿಗುವ ಸ್ಥಾನ ಇದು. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಆರ್ಡರ್‌ಗಳು ಅದರ ಪಟ್ಟಿಯನ್ನೇ ಅನುಸರಿಸುತ್ತವೆ, ಏಕೆಂದರೆ ಇಡೀ ಸಾಲನ್ನು ಒಮ್ಮೆಗೇ ನೋಡಿ ಹಾಕಿದ ಲೆಕ್ಕ ಒಳ್ಳೆಯದೇ. ಪಟ್ಟಿ ವಾಸ್ತವಕ್ಕೆ ಹೊಂದದಿದ್ದಾಗ ಅವು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಪೋರ್ಚುಗಲ್‌ನ ಪಾವುಲೊ ಲೈತಾವ್ ಮತ್ತು ಫ್ರಾನ್ಸಿಸ್ಕೊ ರೆಸ್ಟಿವೊ 2006ರಲ್ಲಿ ವಿವರಿಸಿದ ‘ಅಡಾಕಾರ್’ ವಿನ್ಯಾಸ ಇದನ್ನೇ ಎರಡು ಸ್ಥಿತಿಗಳಾಗಿ ಸ್ಪಷ್ಟಪಡಿಸಿತು. ಸ್ಥಿರ ಸ್ಥಿತಿಯಲ್ಲಿ ಮೇಲ್ವಿಚಾರಕ ಹೋಲಾನ್ ಸೂಚಿಸಿದ ಯೋಜನೆಯಂತೆ ಕೆಲಸ ನಡೆಯುತ್ತದೆ. ಅಡ್ಡಿ ಬಂದಾಗ ಅದರ ಸುತ್ತಮುತ್ತಲಿನ ಹೋಲಾನ್‌ಗಳ ಸ್ವಾಯತ್ತತೆ ತಾತ್ಕಾಲಿಕವಾಗಿ ಹೆಚ್ಚುತ್ತದೆ. ಅಡ್ಡಿ ಕಳೆದ ಮೇಲೆ ವ್ಯವಸ್ಥೆ ಮತ್ತೆ ಶ್ರೇಣಿಗೆ, ಅಂದರೆ ಮೇಲಿನವರು ಸೂಚಿಸಿ ಕೆಳಗಿನವರು ನಡೆಸುವ ಕ್ರಮಕ್ಕೆ, ಮರಳುತ್ತದೆ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ನೀಲ್ ಡಫಿ ಮೊದಲಾದವರು ಶ್ರೇಣಿಯೇ ಇಲ್ಲದ, ಎಲ್ಲರೂ ಸಮಾನರಾದ ನಿಯಂತ್ರಣವನ್ನು ಪರೀಕ್ಷಿಸಿದ್ದರು. ಅದು ಅಡ್ಡಿಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಒಟ್ಟಾರೆ ಫಲಿತಾಂಶ ಹೇಗಿರುತ್ತದೆಂದು ಮುಂಚಿತವಾಗಿ ಹೇಳುವುದು ಕಷ್ಟ. ಹೋಲಾನಿಕ್ ವಿಧಾನ ಶ್ರೇಣಿಗೂ ಈ ಸಮಾನತೆಗೂ ನಡುವಿನ ದಾರಿ ಎಂದು ನಾನು ತಿಳಿದಿದ್ದೇನೆ, ಮತ್ತು ಅದರ ಬಲ ಇರುವುದು ಆ ನಡುವಿನಲ್ಲಿಯೇ.

ಮಾತುಕತೆ ಹೇಗೆ ನಡೆಯುತ್ತದೆಂಬುದನ್ನು ನಿಮ್ಮ ಸಾಲಿನಲ್ಲಿಯೇ ಕಲ್ಪಿಸಿ ನೋಡೋಣ. ಹೆಚ್ಚಾಗಿ ಬಳಸುವ ವಿಧಾನ ರೀಡ್ ಸ್ಮಿತ್ 1980ರಲ್ಲಿ ಪ್ರಕಟಿಸಿದ ‘ಕಾಂಟ್ರ್ಯಾಕ್ಟ್ ನೆಟ್’, ಅಂದರೆ ಟೆಂಡರ್ ಕರೆಯುವ ಕ್ರಮ. ಒಂದು ಪ್ಯಾಲೆಟ್‌ನ ಮೇಲಿರುವ ತುಂಡಿಗೆ 5 ನಿಮಿಷದ ರಂಧ್ರ ಕೊರೆಯುವ ಕೆಲಸ ಆಗಬೇಕಿದೆ. ಅದರ ಆರ್ಡರ್ ಏಜೆಂಟ್ ಈ ಕೆಲಸವನ್ನು ಎಲ್ಲ ಯಂತ್ರಗಳಿಗೂ ಪ್ರಕಟಿಸುತ್ತದೆ. 2ನೇ ಯಂತ್ರದ ಕೈಯಲ್ಲಿ ಇನ್ನೂ 6 ನಿಮಿಷದ ಕೆಲಸವಿದೆ, ಬೇಕಾದ ಟೂಲ್ ಅಳವಡಿಸಿಯೇ ಇದೆ, ಪ್ಯಾಲೆಟ್ ಅಲ್ಲಿಗೆ ತಲುಪಲು 1 ನಿಮಿಷ ಸಾಕು; ಆದ್ದರಿಂದ ‘11ನೇ ನಿಮಿಷಕ್ಕೆ ಮುಗಿಸುತ್ತೇನೆ’ ಎಂದು ಅದು ಬಿಡ್ ಸಲ್ಲಿಸುತ್ತದೆ. 6ನೇ ಯಂತ್ರ ಖಾಲಿಯಿದೆ, ಆದರೆ ಟೂಲ್ ಸಿದ್ಧಪಡಿಸಲು 4 ನಿಮಿಷ ಬೇಕು; ಪ್ಯಾಲೆಟ್ 2 ನಿಮಿಷ ಪ್ರಯಾಣಿಸುತ್ತಿರುವಾಗಲೇ ಆ ಸಿದ್ಧತೆ ನಡೆಯುವುದರಿಂದ ಅದರ ಬಿಡ್ 9ನೇ ನಿಮಿಷಕ್ಕೆ. 3ನೇ ಯಂತ್ರ ದುರಸ್ತಿಯಲ್ಲಿದೆ, ಅದು ಬಿಡ್ ಹಾಕುವುದೇ ಇಲ್ಲ. ‘3ನೇ ಯಂತ್ರ ಕೆಟ್ಟಿದೆ, ಅತ್ತ ಹೋಗಬೇಡ’ ಎಂದು ಆರ್ಡರ್‌ಗೆ ಯಾರೂ ಹೇಳಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಮೌನವೇ ಆ ಸುದ್ದಿಯನ್ನು ಮುಟ್ಟಿಸಿತು. ಆರ್ಡರ್ 6ನೇ ಯಂತ್ರಕ್ಕೆ ಕೆಲಸ ಒಪ್ಪಿಸುತ್ತದೆ, ಪ್ಯಾಲೆಟ್ ಹೊರಡುತ್ತದೆ. 3ನೇ ನಿಮಿಷದಲ್ಲಿ 6ನೇ ಯಂತ್ರದಲ್ಲಿ ಅಲಾರಾಂ ಬಂತೆನ್ನಿ. ಅದು ಒಪ್ಪಂದವನ್ನು ರದ್ದುಮಾಡುತ್ತದೆ, ಆರ್ಡರ್ ಮತ್ತೆ ಟೆಂಡರ್ ಕರೆಯುತ್ತದೆ. 2ನೇ ಯಂತ್ರ ಬಿಡುವಾಗಲು ಇನ್ನು 3 ನಿಮಿಷವಿದೆ. 6ರ ಬಳಿಯಿಂದ ಅಲ್ಲಿಗೆ ತಲುಪಲೂ 3 ನಿಮಿಷವೇ ಹಿಡಿದರೆ, ಆ ಜಾಗವನ್ನು ಬೇರಾವ ಆರ್ಡರೂ ಪಡೆದಿಲ್ಲದಿದ್ದರೆ, ಕೆಲಸ 11ನೇ ನಿಮಿಷಕ್ಕೇ ಮುಗಿಯುತ್ತದೆ. ಉಳಿದ ಪ್ಯಾಲೆಟ್‌ಗಳ ಯೋಜನೆ ಕದಲುವುದಿಲ್ಲ. ಎರಡನೆಯ ಗಡಿಯಾರ ತಯಾರಕರು ಕಳೆದುಕೊಂಡಷ್ಟೇ ಇಲ್ಲಿಯೂ ನಷ್ಟ.

ಆದರೆ ಇದೇ ಉದಾಹರಣೆಯಲ್ಲಿ ಈ ವಿಧಾನದ ದೊಡ್ಡ ದೌರ್ಬಲ್ಯವೂ ಅಡಗಿದೆ, ಅದನ್ನು ಮುಚ್ಚಿಡುವುದು ನಿಮಗೆ ಉಪಕಾರವಲ್ಲ. ಕೊರೆದ ಮೇಲೆ ತುಂಡನ್ನು ತೊಳೆಯಬೇಕು, ತೊಳೆಯುವ ಘಟಕ 2ನೇ ಯಂತ್ರದಿಂದ 1 ನಿಮಿಷ ದೂರದಲ್ಲಿದೆ, 6ನೇ ಯಂತ್ರದಿಂದ 4 ನಿಮಿಷ. 2ರ ಮೂಲಕ ಹೋದರೆ ತೊಳೆಯುವ ಘಟಕವನ್ನು 12ನೇ ನಿಮಿಷಕ್ಕೆ ತಲುಪಬಹುದು, 6ರ ಮೂಲಕ ಹೋದರೆ 13ನೇ ನಿಮಿಷಕ್ಕೆ. ಆರ್ಡರ್ ಒಂದೇ ಹೆಜ್ಜೆ ಮುಂದೆ ನೋಡಿದ್ದರಿಂದ, ಯಾವ ಯಂತ್ರವೂ ಕೆಡದಿದ್ದರೂ, ತಪ್ಪು ಆಯ್ಕೆ ಮಾಡಿತು. ಈ ಕ್ಷೇತ್ರದವರು ಇದನ್ನು ಸಮೀಪದೃಷ್ಟಿ ದೋಷ ಎಂದೇ ಕರೆಯುತ್ತಾರೆ. ಲ್ಯೂವೆನ್ ತಂಡ ಇದಕ್ಕೆ ಇರುವೆಗಳಿಂದ ಉಪಾಯ ಕಲಿಯಿತು. ಪ್ರತಿ ಆರ್ಡರ್ ಆಗಾಗ್ಗೆ ಪುಟ್ಟ ಏಜೆಂಟ್‌ಗಳನ್ನು ಮುಂದಕ್ಕೆ ಕಳುಹಿಸುತ್ತದೆ. ಅವು ತುಂಡಿನ ಉಳಿದ ಇಡೀ ಪ್ರಯಾಣವನ್ನು ಯಂತ್ರದಿಂದ ಯಂತ್ರಕ್ಕೆ ವಿಚಾರಿಸುತ್ತ ಸಾಗಿ ‘ಈ ದಾರಿಯಲ್ಲಿ ಹೋದರೆ ಇಷ್ಟು ಹೊತ್ತು’ ಎಂದು ವರದಿ ತರುತ್ತವೆ. ಆರ್ಡರ್ ಒಂದು ದಾರಿಯನ್ನು ಆರಿಸಿಕೊಂಡ ಮೇಲೆ ಮತ್ತೊಂದು ಬಗೆಯ ಇರುವೆಗಳು ಆ ದಾರಿಯ ಪ್ರತಿ ಯಂತ್ರದಲ್ಲಿಯೂ ಜಾಗ ಕಾಯ್ದಿರಿಸುತ್ತವೆ. ಈ ಕಾಯ್ದಿರಿಸುವಿಕೆಯನ್ನು ಆಗಾಗ ನವೀಕರಿಸದಿದ್ದರೆ ಇರುವೆ ದಾರಿಯಲ್ಲಿ ಬಿಟ್ಟುಹೋಗುವ ವಾಸನೆಯಂತೆ ಅದು ತಾನಾಗಿ ಆವಿಯಾಗುತ್ತದೆ. ಇದರಿಂದ ಪ್ರತಿ ಯಂತ್ರಕ್ಕೂ ತನ್ನ ಮುಂದಿನ ಹೊರೆ ಎಷ್ಟೆಂಬ ಅಂದಾಜು ಸಿಗುತ್ತದೆ, ಯಾರೂ ಅದನ್ನು ಕೇಂದ್ರದಲ್ಲಿ ಲೆಕ್ಕ ಹಾಕದೆಯೇ. ನನಗೆ ಈ ಕ್ಷೇತ್ರದಲ್ಲಿ ಬಹಳ ಮೆಚ್ಚುಗೆಯಾದ ವಿಚಾರಗಳಲ್ಲಿ ಇದೊಂದು: ಹಳೆಯ ಮಾಹಿತಿಯನ್ನು ಅಳಿಸುವ ಕೆಲಸವನ್ನು ಯಾರಿಗೂ ವಹಿಸಬೇಕಾಗಿಲ್ಲ.

ಎರಡನೆಯ ದೋಷ ಚಂಚಲತೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಘಟಕದಲ್ಲಿ ಇಂಥ ವ್ಯವಸ್ಥೆಯನ್ನು ಪರೀಕ್ಷಿಸುತ್ತಿದ್ದಾಗ, ಒಂದೇ ಬಗೆಯ ಎರಡು ಯಂತ್ರಗಳ ನಡುವಿನ ಕೂಡುಹಾದಿಯಲ್ಲಿ ಪ್ಯಾಲೆಟ್‌ಗಳು ಸುತ್ತುತ್ತಲೇ ಇದ್ದವು. ಯಂತ್ರಗಳು ತಮ್ಮ ಮುಂದಿರುವ ಸರದಿಯ ಉದ್ದವನ್ನು ನೋಡಿ ಬಿಡ್ ಹಾಕುತ್ತಿದ್ದವು. ಎಡದ ಯಂತ್ರದ ಸರದಿ ಒಂದು ಕಡಿಮೆಯಾದೊಡನೆ ದಾರಿಯಲ್ಲಿದ್ದ ನಾಲ್ಕು ಆರ್ಡರ್‌ಗಳು ಒಟ್ಟಿಗೆ ಮನಸ್ಸು ಬದಲಿಸಿ ಎಡಕ್ಕೆ ತಿರುಗುವವು. ಅವು ಅತ್ತ ಹೊರಟ ಕ್ಷಣವೇ ಬಲದ ಯಂತ್ರದ ಬಿಡ್ ಉತ್ತಮವಾಗಿ ಕಂಡು ಮತ್ತೆ ಬಲಕ್ಕೆ ತಿರುಗುವವು. ಎರಡೂ ಯಂತ್ರಗಳು ಖಾಲಿ ನಿಂತಿದ್ದವು, ಕನ್ವೇಯರ್ ಮಾತ್ರ ಬಿಡುವಿಲ್ಲದೆ ಓಡುತ್ತಿತ್ತು. ಏಜೆಂಟ್‌ಗಳಲ್ಲಿ ಒಂದೇ ಒಂದು ಸಾಲಿನ ತಪ್ಪೂ ಇರಲಿಲ್ಲ. ಪ್ರತಿಯೊಂದೂ ತನ್ನ ಮಟ್ಟಿಗೆ ಸರಿಯಾದ ತೀರ್ಮಾನವನ್ನೇ ಮಾಡುತ್ತಿತ್ತು. ನಾವು ಮಾಡಿದ್ದು ಎರಡು ಬದಲಾವಣೆ: ಹೊಸ ಬಿಡ್ ಹಳೆಯದಕ್ಕಿಂತ ಎದ್ದು ಕಾಣುವಷ್ಟು ಉತ್ತಮವಾಗಿದ್ದರೆ ಮಾತ್ರ ಒಪ್ಪಂದ ಮುರಿಯಬಹುದು, ಯಂತ್ರದ ಹತ್ತಿರದ ಗೇಟನ್ನು ದಾಟಿದ ಮೇಲೆ ಯಂತ್ರ ಕೆಡದ ಹೊರತು ಮುರಿಯುವಂತೆಯೇ ಇಲ್ಲ. ಸುತ್ತಾಟ ನಿಂತಿತು. ಸ್ವಾಯತ್ತತೆಯ ಜೊತೆಗೆ ಬದ್ಧತೆಯನ್ನೂ ಪ್ರೋಗ್ರಾಮ್ ಮಾಡಬೇಕೆಂದು ಆ ಹೋಲಾನಿಕ್ ಯೋಜನೆಯವರು ಹೇಳಿದ್ದೇಕೆಂದು ನನಗೆ ಮನದಟ್ಟಾದದ್ದು ಆ ದಿನ.

ಇದು ಪ್ರಯೋಗಾಲಯದ ಆಟವಷ್ಟೇ ಅಲ್ಲವೆಂಬುದಕ್ಕೆ ನಾನು ಸದಾ ಕೊಡುವ ನಿದರ್ಶನ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಡೈಮ್ಲರ್‌ಕ್ರೈಸ್ಲರ್ ಕಂಪನಿ ಎಂಜಿನ್‌ನ ಸಿಲಿಂಡರ್ ಹೆಡ್ ತಯಾರಿಕೆಗೆ ಅಳವಡಿಸಿದ ‘ಪ್ರೊಡಕ್ಷನ್ 2000+’ ವ್ಯವಸ್ಥೆ. ಅಲ್ಲಿ ಪ್ರತಿ ತುಂಡಿಗೂ, ಪ್ರತಿ ಯಂತ್ರಕ್ಕೂ, ಕನ್ವೇಯರಿನ ಪ್ರತಿ ಕೂಡುಹಾದಿಗೂ ಒಂದೊಂದು ಏಜೆಂಟ್ ಇತ್ತು. ಅದರ ಜಾಣತನ ಯಂತ್ರದ ಬಿಡ್‌ನಲ್ಲಿತ್ತು. ಯಂತ್ರವು ತನಗಾಗಿ ಬರುತ್ತಿರುವ ತುಂಡುಗಳನ್ನಷ್ಟೇ ಅಲ್ಲದೆ, ತನ್ನಲ್ಲಿ ಕೆಲಸ ಮುಗಿದರೂ ಮುಂದಿನ ಯಂತ್ರ ಸಿಗದೆ ಉಳಿದ ತುಂಡುಗಳನ್ನೂ ತನ್ನ ಲೆಕ್ಕದಲ್ಲಿಯೇ ಸೇರಿಸಿಕೊಳ್ಳುತ್ತಿತ್ತು. ಆ ಲೆಕ್ಕ ಮಿತಿ ಮುಟ್ಟಿದರೆ ಬಿಡ್ ಹಾಕುವುದನ್ನು ನಿಲ್ಲಿಸುತ್ತಿತ್ತು. ಪರಿಣಾಮವೇನೆಂದರೆ, ಸಾಲಿನ ಕೊನೆಯಲ್ಲಿ ಒಂದು ಯಂತ್ರ ನಿಂತರೆ ಅದಕ್ಕೆ ತುಂಡು ಕಳುಹಿಸುವ ಯಂತ್ರಗಳಲ್ಲಿ ಮುಗಿದ ತುಂಡುಗಳು ಕೂಡಿಕೊಳ್ಳುತ್ತವೆ, ಅವು ಬಿಡ್ ನಿಲ್ಲಿಸುತ್ತವೆ, ಅವುಗಳ ಹಿಂದಿನವೂ ನಿಲ್ಲಿಸುತ್ತವೆ. ಹೀಗೆ ಅಡಚಣೆಯ ಸುದ್ದಿ ಹಿಂದು ಹಿಂದಕ್ಕೆ ಸಾಗಿ, ಕೊನೆಗೆ ಹೊಸ ತುಂಡುಗಳನ್ನು ಒಳಗೆ ಬಿಡುವುದೇ ನಿಧಾನವಾಗುತ್ತದೆ. ಯಾರೊಬ್ಬರೂ ಇಡೀ ಸಾಲನ್ನು ನೋಡುತ್ತಿಲ್ಲ, ಆದರೂ ಇಡೀ ಸಾಲು ತನ್ನನ್ನು ಹದ್ದುಬಸ್ತಿನಲ್ಲಿಟ್ಟುಕೊಳ್ಳುತ್ತದೆ. ಬಿಡ್‌ನ ಸೂತ್ರದಲ್ಲಿ ಒಂದು ಪದವನ್ನು ಸೇರಿಸಿದ್ದರಿಂದ ಇದು ಸಾಧ್ಯವಾಯಿತು.

ಪಿಎಲ್‌ಸಿಯ ಪ್ರಶ್ನೆಗೆ ಬರುತ್ತೇನೆ. ದಯವಿಟ್ಟು ಅದನ್ನು ಕೀಳಬೇಡಿ. ಗೇಟು ತಿರುಗಿಸುವುದು, ಕ್ಲ್ಯಾಂಪ್ ಹಿಡಿದಿರುವುದನ್ನು ಸೆನ್ಸರ್‌ನಿಂದ ಖಾತ್ರಿಪಡಿಸಿಕೊಳ್ಳುವುದು, ಟೂಲ್ ಹಿಡಿದ ಸ್ಪಿಂಡಲ್ ತಿರುಗುತ್ತಿರುವಾಗ ಬಾಗಿಲು ತೆರೆಯದಂತೆ ತಡೆಯುವುದು ಮುಂತಾದವು ಮಿಲಿಸೆಕೆಂಡುಗಳ ಲೆಕ್ಕದಲ್ಲಿ, ಪಿಎಲ್‌ಸಿ ತನ್ನ ಪ್ರೋಗ್ರಾಮನ್ನು ಓಡಿಸುವ ಪ್ರತಿ ಸುತ್ತಿನಲ್ಲಿಯೂ (ಸ್ಕ್ಯಾನ್ ಸೈಕಲ್) ತಪ್ಪದೆ ನಡೆಯಬೇಕು. ಏಜೆಂಟ್‌ಗಳ ಮಾತುಕತೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಖಚಿತವಾಗಿ ಹೇಳಲಾಗುವುದಿಲ್ಲ. ಸಂದೇಶಗಳು ನೆಟ್‌ವರ್ಕ್‌ನಲ್ಲಿ ಓಡಾಡಬೇಕು, ಉತ್ತರಕ್ಕೆ ಕಾಯಬೇಕು. ಆದ್ದರಿಂದ ಎರಡು ಪದರಗಳಿರಬೇಕು. ಕೆಳಗಿನ ಪದರದಲ್ಲಿ ಪಿಎಲ್‌ಸಿ, ಅಪಾಯದ ಚಲನೆಯನ್ನು ತಡೆಯುವ ಇಂಟರ್‌ಲಾಕ್, ಎಮರ್ಜೆನ್ಸಿ ಸ್ಟಾಪ್ ಈಗಿರುವಂತೆಯೇ ಇರುತ್ತವೆ. ಮೇಲಿನ ಪದರದಲ್ಲಿ ಏಜೆಂಟ್ ‘ಮುಂದಿನ ಪ್ಯಾಲೆಟ್ ಯಾವುದು’ ಎಂಬಂಥ, ಸೆಕೆಂಡುಗಳಷ್ಟು ಪುರುಸೊತ್ತಿರುವ ತೀರ್ಮಾನ ಮಾಡುತ್ತದೆ. ಏಜೆಂಟ್ ಕೇಳಿಕೊಳ್ಳಬಹುದು, ಪಿಎಲ್‌ಸಿ ನಿರಾಕರಿಸಬಹುದು. ಇದಕ್ಕೆ ವಿರುದ್ಧವಾದದ್ದು ಎಂದಿಗೂ ಆಗಕೂಡದು. ಈ ಎರಡು ಪದರಗಳನ್ನು ಹೇಗೆ ಬೆಸೆಯಬೇಕೆಂಬುದರ ಬಗ್ಗೆ ಐಇಇಇ ಸಂಸ್ಥೆ 2020ರಲ್ಲಿ 2660.1 ಎಂಬ ಶಿಫಾರಸನ್ನೇ ಪ್ರಕಟಿಸಿದೆ. ಬೆಸುಗೆಗೆ, ಯಂತ್ರಗಳ ಮಾಹಿತಿ ವಿನಿಮಯದ ಮಾನದಂಡವಾದ ಒಪಿಸಿ ಯುಎಯ ಸರ್ವರ್ ಸಾಕಾಗುವ ಸಂದರ್ಭಗಳು ಹೆಚ್ಚು. ಕೆಳಗಿನ ಪದರವನ್ನೂ ಹಂಚಿ ಕಟ್ಟಬೇಕೆಂದರೆ 2005ರಲ್ಲಿ ಮೊದಲು ಬಂದ ಐಇಸಿ 61499 ಎಂಬ ಅಂತರರಾಷ್ಟ್ರೀಯ ಮಾನದಂಡದ ಫಂಕ್ಷನ್ ಬ್ಲಾಕ್‌ಗಳು, ಅಂದರೆ ಪ್ರೋಗ್ರಾಮಿನ ಬಿಡಿ ತುಣುಕುಗಳು, ಇವೆ. ನೀವು ಬಳಸುತ್ತಿರುವ ಐಇಸಿ 61131-3ರ ಭಾಷೆಗಳಲ್ಲಿ ಪ್ರೋಗ್ರಾಮ್ ಸಾಮಾನ್ಯವಾಗಿ ಸುತ್ತು ಸುತ್ತಾಗಿ ಓಡಿದರೆ, ಇಲ್ಲಿ ಬ್ಲಾಕ್‌ಗಳು ಘಟನೆ ಬಂದಾಗ ಮಾತ್ರ ಎಚ್ಚರಗೊಳ್ಳುತ್ತವೆ, ಒಂದೇ ಅಪ್ಲಿಕೇಶನ್‌ನ ಬ್ಲಾಕ್‌ಗಳನ್ನು ಬೇರೆ ಬೇರೆ ಕಂಟ್ರೋಲರ್‌ಗಳಲ್ಲಿ ಇಡಬಹುದು. ಆದರೆ ನಿಮ್ಮ ಸಮಸ್ಯೆಗೆ ಅದು ಅನಿವಾರ್ಯವಲ್ಲ.

ನಂಬಬಹುದೇ ಎಂದು ಕೇಳಿದ್ದೀರಿ. ಮಿತಿಗಳನ್ನು ಮುಂಚಿತವಾಗಿ ಹಾಕಿದರೆ ನಂಬಬಹುದು. ಉದಾಹರಣೆಗೆ ಕನ್ವೇಯರ್ ಮೇಲೆ ಪ್ಯಾಲೆಟ್‌ಗಳು ಒಂದಕ್ಕೊಂದು ದಾರಿ ಕಾಯುತ್ತ ಎಲ್ಲವೂ ಸ್ತಬ್ಧವಾಗುವ ಡೆಡ್‌ಲಾಕ್ ಇದೆಯಲ್ಲ, ಅದನ್ನು ತಪ್ಪಿಸುವ ಹೊಣೆಯನ್ನು ಮಾತುಕತೆಗೆ ಬಿಡಬಾರದು. ಸುತ್ತುಹಾದಿಯ ಪ್ರತಿ ಭಾಗದಲ್ಲಿ ಗರಿಷ್ಠ ಎಷ್ಟು ಪ್ಯಾಲೆಟ್‌ಗಳಿರಬಹುದೆಂಬ ಗಟ್ಟಿ ನಿಯಮ ಕೆಳಗಿನ ಪದರದಲ್ಲಿಯೇ ಇರಬೇಕು, ಯಾವ ಏಜೆಂಟೂ ಅದನ್ನು ಮೀರಲಾಗದಂತೆ. ಅದರಷ್ಟೇ ಮುಖ್ಯವಾದದ್ದು ಕಾರಣಗಳ ದಾಖಲೆ. ‘ಈ ಪ್ಯಾಲೆಟ್ ಯಾಕೆ 6ಕ್ಕೆ ಹೋಯಿತು?’ ಎಂದು ಆಪರೇಟರ್ ಕೇಳಿದರೆ, ಬಂದ ಬಿಡ್‌ಗಳಾವುವು, ಗೆದ್ದದ್ದೇಕೆ ಎಂಬುದು ಪರದೆಯ ಮೇಲೆ ಅವರ ಭಾಷೆಯಲ್ಲಿಯೇ ಕಾಣಬೇಕು. ಕಾರಣ ಗೊತ್ತಾಗದ ವ್ಯವಸ್ಥೆಯನ್ನು ಆಪರೇಟರ್ ಮೊದಲ ಅಡಚಣೆಯಲ್ಲಿಯೇ ಮ್ಯಾನುಯಲ್‌ಗೆ ಹಾಕುತ್ತಾರೆ, ಹಾಗೆ ಮಾಡುವುದು ಅವರ ತಪ್ಪೂ ಅಲ್ಲ.

ಎಲ್ಲ ಕಾರ್ಖಾನೆಗೂ ಇದು ಬೇಕೆಂದು ನಾನು ಹೇಳುವುದಿಲ್ಲ. ಒಂದೇ ವಸ್ತುವನ್ನು ಒಂದೇ ಕ್ರಮದಲ್ಲಿ ವರ್ಷಗಟ್ಟಲೆ ತಯಾರಿಸುವ ನೇರ ಸಾಲಿನಲ್ಲಿ ಆಯ್ಕೆಯೇ ಇಲ್ಲ, ಆಯ್ಕೆಯಿಲ್ಲದ ಕಡೆ ಮಾತುಕತೆಗೆ ಅರ್ಥವಿಲ್ಲ. ಎಲ್ಲ ತುಂಡುಗಳೂ ಒಂದೇ ಯಂತ್ರದ ಮುಂದೆ ಕಾಯುವ ಕಡೆಯೂ ಅಷ್ಟೇ. ಅಲ್ಲಿ ಒಳ್ಳೆಯ ಸರದಿಯ ನಿಯಮವೊಂದು ಸಾಕು. ನಿಮ್ಮಲ್ಲಿ ಎಂಟು ಯಂತ್ರಗಳಿವೆ ಎಂದಿರಿ, ಅವುಗಳಲ್ಲಿ ಒಂದೇ ಕೆಲಸವನ್ನು ಎರಡು ಅಥವಾ ಹೆಚ್ಚು ಯಂತ್ರಗಳು ಮಾಡಬಲ್ಲವೇ ಎಂಬುದನ್ನು ಮೊದಲು ಎಣಿಸಿ. ಹೆಚ್ಚಿನ ಕೆಲಸಗಳಿಗೆ ಒಂದೊಂದೇ ಯಂತ್ರವಿದ್ದರೆ, ಏಜೆಂಟ್‌ಗಳಿಗಿಂತ ತುಂಡನ್ನು ಹಿಡಿದಿಡುವ ಇನ್ನೊಂದು ಫಿಕ್ಸ್‌ಚರ್ ಮತ್ತು ಕೆಲವು ಟೂಲ್‌ಗಳಿಂದ ಹೆಚ್ಚು ಉಪಯೋಗವಾದೀತು.

ಬದಲಿ ದಾರಿಗಳಿವೆಯೆಂದು ಖಚಿತವಾದರೆ, ಆರಂಭವನ್ನು ಸಂಪನ್ಮೂಲ ಹೋಲಾನ್‌ಗಳಿಂದ ಮಾಡಿ, ಆರ್ಡರ್‌ಗಳಿಂದ ಅಲ್ಲ. ಪ್ರತಿ ಯಂತ್ರಕ್ಕೂ ಒಂದು ಪ್ರತಿನಿಧಿಯನ್ನು ಕಟ್ಟಿ, ಅದು ಮೂರೇ ಪ್ರಶ್ನೆಗಳಿಗೆ ಉತ್ತರಿಸಲಿ: ಏನು ಮಾಡಬಲ್ಲೆ, ಈಗಿನ ಸ್ಥಿತಿ ಏನು, ಯಾವಾಗ ಬಿಡುವಾಗುತ್ತೇನೆ. ಕೊನೆಯ ಪ್ರಶ್ನೆಯ ಉತ್ತರವೇ ನಿಮ್ಮನ್ನು ಹೆಚ್ಚು ಕಾಡುವುದು. ಯಂತ್ರ 9ನೇ ನಿಮಿಷಕ್ಕೆ ಎಂದು ಹೇಳಿ 14ನೇ ನಿಮಿಷಕ್ಕೆ ಮುಗಿಸಿದರೆ ಅದರ ಮೇಲೆ ಕಟ್ಟಿದ ಯಾವ ಮಾತುಕತೆಯೂ ನಿಲ್ಲದು. ಟೂಲ್ ಸಿದ್ಧತೆಯ ಸಮಯ, ಅಳತೆ ತಪಾಸಣೆಗೆ ಯಂತ್ರ ನಿಲ್ಲುವ ಸಮಯ, ಆಪರೇಟರ್ ಬಂದು ಒಪ್ಪಿಗೆ ಕೊಡಲು ಹಿಡಿಯುವ ಸಮಯ ಇವೆಲ್ಲ ಆ ಅಂದಾಜಿನೊಳಗೆ ಬರಬೇಕು, ಮತ್ತು ಹೇಳಿದ್ದಕ್ಕೂ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ಪ್ರತಿನಿಧಿಯೇ ದಾಖಲಿಸುತ್ತ ಹೋಗಬೇಕು. ಈ ಪ್ರತಿನಿಧಿಯನ್ನು ಹೊಸದಾಗಿ ವಿನ್ಯಾಸ ಮಾಡುವ ಬದಲು ‘ಅಸೆಟ್ ಅಡ್ಮಿನಿಸ್ಟ್ರೇಶನ್ ಶೆಲ್’ ಎಂಬ, ಕಾರ್ಖಾನೆಗಳನ್ನು ಡಿಜಿಟಲ್ ಆಗಿ ಬೆಸೆಯುವ ಇಂಡಸ್ಟ್ರಿ 4.0 ಪ್ರಯತ್ನದಲ್ಲಿ ರೂಪುಗೊಂಡು ಐಇಸಿ 63278 ಮಾನದಂಡವಾಗಿರುವ ಮಾದರಿಯಲ್ಲಿ ಬರೆಯುವುದು ಮೇಲು. ಜರ್ಮನ್ ಎಂಜಿನಿಯರುಗಳ ಸಂಘದ ವಿಡಿಐ/ವಿಡಿಇ 2193 ಮಾರ್ಗಸೂಚಿಯ ಎರಡನೆಯ ಭಾಗದಲ್ಲಿ ಇಂಥ ಪ್ರತಿನಿಧಿಗಳು ಟೆಂಡರ್ ಕರೆದು ಬಿಡ್ ಸಲ್ಲಿಸುವ ಸಂದೇಶಗಳ ಕ್ರಮವೂ ಇದೆ. 1980ರ ಕಾಂಟ್ರ್ಯಾಕ್ಟ್ ನೆಟ್ ಆಲೋಚನೆ ಅಲ್ಲಿ ಬಹುಮಟ್ಟಿಗೆ ಹಾಗೆಯೇ ಮುಂದುವರಿದಿದೆ.

ಯಂತ್ರಗಳ ಅಂದಾಜುಗಳು ನಂಬುವಂತಾದ ಮೇಲೆ ಆರ್ಡರ್ ಏಜೆಂಟ್‌ಗಳನ್ನು ಸೇರಿಸಿ, ಆದರೆ ಕೆಲವು ವಾರ ಗೇಟುಗಳ ಅಧಿಕಾರ ಕೊಡಬೇಡಿ. ಈಗಿನ ವ್ಯವಸ್ಥೆಯೇ ಸಾಲನ್ನು ನಡೆಸಲಿ. ಏಜೆಂಟ್‌ಗಳು ಪಕ್ಕದಲ್ಲಿ ಕುಳಿತು, ತಾವಾಗಿದ್ದರೆ ಏನು ಮಾಡುತ್ತಿದ್ದೆವೆಂದು ಬರೆದಿಡಲಿ. ಯಂತ್ರ ನಿಂತ ಪ್ರತಿ ಸಂದರ್ಭವನ್ನೂ ಶಿಫ್ಟ್ ಮುಗಿದ ಮೇಲೆ ತೆಗೆದು, ಆಪರೇಟರ್ ಕೈಯಾರೆ ಕೊಟ್ಟ ದಾರಿಯ ಪಕ್ಕದಲ್ಲಿ ಏಜೆಂಟ್ ಹೇಳಿದ ದಾರಿಯನ್ನು ಇಟ್ಟು, ಆ ಆಪರೇಟರ್ ಜೊತೆಯಲ್ಲಿಯೇ ಕುಳಿತು ನೋಡಿ. ಎರಡೂ ಬೇರೆಯಾದ ಕಡೆ, ಏಜೆಂಟ್‌ಗೆ ಗೊತ್ತಿಲ್ಲದ ಯಾವುದೋ ಸಂಗತಿ ಆಪರೇಟರ್‌ಗೆ ಗೊತ್ತಿರುತ್ತದೆ: 5ನೇ ಯಂತ್ರ ಬೆಳಿಗ್ಗೆ ತಣ್ಣಗಿರುವಾಗ ಅಳತೆ ಸ್ವಲ್ಪ ಜಾರುತ್ತದೆ, ಆ ಹೊತ್ತಿನಲ್ಲಿ ನಿಖರವಾದ ಕೆಲಸವನ್ನು ಅದಕ್ಕೆ ಕೊಡಬಾರದು ಎಂಬಂಥದ್ದು. ಅದನ್ನು 5ನೇ ಯಂತ್ರದ ಹೋಲಾನ್‌ಗೆ ಕಲಿಸಿ, ಬೇರೆ ಯಾವುದಕ್ಕೂ ಕಲಿಸಬೇಕಾಗಿಲ್ಲ. ಅಂಥ ವ್ಯತ್ಯಾಸಗಳು ಅಪರೂಪವಾದಾಗ ಒಂದು ಕೂಡುಹಾದಿಯ ಗೇಟನ್ನು ಏಜೆಂಟ್‌ಗಳಿಗೆ ಒಪ್ಪಿಸಿ, ಅದರ ಪಕ್ಕದಲ್ಲಿ ಹಳೆಯ ವಿಧಾನಕ್ಕೆ ಮರಳುವ ಸ್ವಿಚ್ ಒಂದನ್ನು ಆಪರೇಟರ್ ಕೈಗೆಟುಕುವಲ್ಲಿ ಇಡಿ.